ಎರಡು ಸೀಟಿನ ಗಾಡಿ

ಮೊನ್ನೆ ಗೋಕುಲ ರೋಡಿನ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಪಘಾತ ಆದ ಗಾಡಿ ನೋಡಿ ಏನೇನು ಮುರದೈತಿ ಅಂತ ವಿಮಾದವರಿಗೆ ತಿಳಿಸೂದು ನನ್ನ ಕೆಲಸ. ಈ ಗಾಡಿ ತಗೊಂಡು ವಾರ ಸೈತ ಆಗಿರಲಿಲ್ಲ, ಮೂತಿ ಪೂರಾ ಒಳಗ ಹೋಗಿತ್ತು. ಬಾಗಲಾ ತಗದ ಕೂಡಲೇ ಆ ವಾಸನಿ ಮೂಗಿಗೆ ಬಡೀತು ನೋಡ್ರಿ... ಹೊಸಾ ಪ್ಲಾಸ್ಟಿಕ್ಕು, ಅದರಾಗ ಬೆರತ ಊದಿನಕಡ್ಡಿ, ಒಣಗಿದ ನಿಂಬಿಹಣ್ಣು. ಸೀಟಿನ ಮ್ಯಾಲಿನ ಪ್ಲಾಸ್ಟಿಕ್ ಕವರ್ ಇನ್ನೂ ಹಂಗ ಇತ್ತು. ಮೆಕ್ಯಾನಿಕ್ ಏನೋ ಹೇಳಾಕತ್ತಿದ್ದ, ನನಗ ಒಂದೂ ಕೇಳಿಸಲಿಲ್ಲ. ನಮ್ಮ ಬಾಜೂ ಮನಿ ಕಾಕಾ ಕಣ್ಣ ಮುಂದ ಬಂದು ನಿಂತಿದ್ರು. ಹೊರಗ ಬಂದು ಒಂದು ಲೋಟ ನೀರು ಕುಡದು, ಮತ್ತ ಒಳಗ ಹೋಗಿ ಕೆಲಸಾ ಮುಗಿಸಿದೆ.

ಕಾಕಾ ನಮಗ ಸಂಬಂಧಿಕರೇನೂ ಅಲ್ಲ. ಗ್ವಾಡಿಗೆ ಗ್ವಾಡಿ ಹತ್ತಿದ ಮನಿ, ಅಷ್ಟ. ಅವರದು ಹಳೇ ಹುಬ್ಬಳ್ಳ್ಯಾಗ ಭಾಂಡಿ ಅಂಗಡಿ. ಅಣ್ಣಾ ತಮ್ಮಾ ಕೂಡಿ ನಡಸ್ತಿದ್ರು. ಕೂಡಿ ಅಂದ್ರ ಹೆಂಗ, ಅಣ್ಣ ಗಾದಿ ಮ್ಯಾಲ ಕೂಡ್ತಿದ್ರು, ಕಾಕಾ ಗಿರಾಕಿ ಮುಂದ ನಿಂತಿರ್ತಿದ್ರು. ಮದುವಿಗೆ ಕೊಡೂ ಕೊಡಾ, ಪರಾತ ಎಲ್ಲಾ ತಗದು ತೋರಿಸಿ, ಒರಸಿ, ಮತ್ತ ಮ್ಯಾಲ ಇಡೂದು ಅವರ ಪಾಲಿನ ಕೆಲಸ. ಆದ್ರ ಮನಸ್ಸು ಭಾಂಡ್ಯಾಗ ಇರಲಿಲ್ಲ. ಗಾಡಿ ಅಂದ್ರ ಜೀವಾ ಬಿಡ್ತಿದ್ರು. ಬೀದ್ಯಾಗ ಹೊಸಾದೊಂದು ಕಾರು ಹೋದ್ರ ಗಿರಾಕಿನ ಅಲ್ಲೇ ಬಿಟ್ಟು ಕಟ್ಟಿಗೆ ಬಂದು ನಿಂದರ್ತಿದ್ರು. ಗಾದಿ ಮ್ಯಾಲಿಂದ ಅಣ್ಣ ಕೆಮ್ಮಿದ್ರ ಒಳಗ ಬರ್ತಿದ್ರು.

ನನಗ ಗಾಡಿ ಕಲಿಸಿದವರು ಅವರ. ನಾ ಕಾಲೇಜಿಗೆ ಹೋಗಾಕತ್ತಿದ್ದೆ. ಹೆಣ್ಣ ಹುಡುಗಿಗೆ ಯಾಕ ಬೇಕು ಅಂತ ನಮ್ಮನ್ಯಾಗ ಒಬ್ರೂ ಕಲಿಸಾಕ ತಯಾರಿರಲಿಲ್ಲ. ಆಗ ಅವರ ಕಡೆ ಇದ್ದ ಹಳೇ ಜೀಪಿನ್ಯಾಗ ಕೂಡಿಸ್ಕೊಂಡು ಉಣಕಲ್ ದಾಟಿ ಕರ್ಕೊಂಡು ಹೋಗ್ತಿದ್ರು. "ಕ್ಲಚ್ ಅಂದ್ರ ತುಳಿಯೂದಲ್ಲ ತಂಗಿ, ಸಾವಕಾಶ ಕಾಲು ಇಡೂದು" ಅಂತಿದ್ರು. ಒಂದಿನಾನೂ ದನಿ ಏರಿಸಲಿಲ್ಲ. ಅಷ್ಟು ಸೌಮ್ಯ ಮನಷ್ಯಾ. ಅದ ಸೌಮ್ಯತನ ಮುಂದ ಅವರನ್ನ ತಿಂತು, ಇರಲಿ... ಅದಕ್ಕ ಬರ್ತೇನಿ.

ಅವರ ಹೆಂಡ್ತಿ, ಅಂದ್ರ ನಮ್ಮ ಕಾಕೂ, ಅಮ್ಮಿನಬಾವಿಯವರು. ಮಕ್ಕಳಾಗಿರಲಿಲ್ಲ. ಕೂಡ್ ಮನ್ಯಾಗ ಮಕ್ಕಳಿಲ್ಲದ ಸಣ್ಣ ಸೊಸಿ ಅಂದ್ರ ಏನು ಅಂತ ನಾ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಾರದೂ ಊಟ ಆದ ಮ್ಯಾಲ ಊಟ. ಬ್ಯಾರೆಯವರು ಉಟ್ಟು ಬ್ಯಾಸತ್ತ ಸೀರಿ. ಮನ್ಯಾಗ ಒಂದು ದೊಡ್ಡ ಗಾಡಿ ಇತ್ತು, ಅದನ್ನ ಹೊಡ್ಯಾವ್ರು ಕಾಕಾ. ಬಾಜೂಕ ಅಣ್ಣ. ಹಿಂದ ಹೆಣ್ಣಮಕ್ಕಳು, ಹುಡುಗರು, ಬುತ್ತಿ ಡಬ್ಬಿ, ಕೊಡಪಾನ. ಕಾಕೂ ಎಲ್ಲಾರಕ್ಕಿಂತ ಹಿಂದಿನ ಸಾಲಿನ್ಯಾಗ, ಯಾರದರೆ ಕೂಸನ್ನ ತೊಡಿ ಮ್ಯಾಲ ಕೂಡಿಸ್ಕೊಂಡು. ಕಾಕಾ ಹತ್ತಿದ ಕೂಡಲೇ ಒಳಗಿನ ಕನ್ನಡಿ ಒಂಚೂರು ತಿರುವಿ ಇಟ್ಕೋತಿದ್ರು. ಹಿಂದಿನ ಗಾಡಿ ಕಾಣಲಿ ಅಂತ ಅಲ್ರಿ, ಕಾಕೂನ ಮಾರಿ ಕಾಣಲಿ ಅಂತ. ಇಷ್ಟು ವರ್ಷ ಸಂಸಾರ ಮಾಡಿ, ಗಂಡ ಗಾಡಿ ಹೊಡಿಯೂದನ್ನ ಆ ಹೆಣ್ಣಮಗಳು ನೋಡಿದ್ದು ಬರೇ ಹಿಂದಿನಿಂದ.

ನಮ್ಮದೊಂದು ಗಾಡಿ ಹುಚ್ಚರ ಗುಂಪಿತ್ತು. ಐತವಾರ ಮುಂಜಾನೆ ಉಣಕಲ್ ಕೆರಿ ಬಾಜೂಕ ಸೇರೂದು, ಚಹಾ ಕುಡಿಯೂದು, ಒಬ್ಬರ ಗಾಡಿ ಬಾನೆಟ್ ಇನ್ನೊಬ್ರು ತಗದು ನೋಡೂದು. ನಾ ಒಬ್ಬಾಕಿನ ಹೆಣ್ಣಮಗಳು. ಕಾಕಾ ಎಲ್ಲಾರಕ್ಕಿಂತ ಹಿರಿಯಾರು. ಬರುವಾಗ ಗಿರ್ಮಿಟ್ಟು, ಮಿರ್ಚಿ ಕಟ್ಟಿಸ್ಕೊಂಡು ಬರ್ತಿದ್ರು. ಒಬ್ಬ ಹಲ್ಲಿನ ಡಾಕ್ಟರ್ ಈ ಗುಂಪಿಗೆ ತಾನ ಮುಖಂಡ ಅಂತ ತಿಳ್ಕೊಂಡಿದ್ದ. ಯಾವ ಗಾಡಿ ಬಂದ್ರೂ ಫೋನ್ ಹಿಡಕೊಂಡು, ಕಪ್ಪು ಕನ್ನಡಕಾ ಹಾಕ್ಕೊಂಡು ವಿಡಿಯೋ ಮಾಡ್ತಿದ್ದ. ಹೆಸರು ಬ್ಯಾಡ. ಹೆಸರು ಬರದ್ರ ಅದಕ್ಕೂ ಹಿಗ್ಗತಾನ.

ಒಂದು ವರ್ಷ ಸಣ್ಣದೊಂದು ಸ್ಪೋರ್ಟ್ಸ್ ಕಾರು ಹೊಸದಾಗಿ ಬಂತು. ಎರಡ ಬಾಗಲಾ, ಎರಡ ಸೀಟು, ನೆಲಕ್ಕ ಹೊಟ್ಟಿ ಹಚ್ಚಿ ಮಲಗಿದ ಬೆಕ್ಕಿನಂಗ. ಗುಂಪಿನ್ಯಾಗ ಒಂದ ಗದ್ದಲ. ಎಲ್ಲಾರ ಫೋನಿನ್ಯಾಗೂ ಅದರದ ಫೋಟೋ. ಇವರಿಗೆಲ್ಲಾ ಹುಚ್ಚಿತ್ತು, ತಗೊಳ್ಳೂ ಧೈರ್ಯ ಇರಲಿಲ್ಲ. ಕಾಕಾ ಸುಮ್ಮನ ಚಹಾ ಕುಡದು ಎದ್ದು ಹೋದ್ರು. ಮುಂದ ಒಂದಿನ ತಿಳೀತು, ಶೋರೂಮಿಗೆ ಹೋಗಿ ಹಸರು ಬಣ್ಣದ್ದೊಂದು ಬುಕ್ ಮಾಡಿ ಬಂದಾರ ಅಂತ. ರೊಕ್ಕದ ಮಾತು ನಾ ತಗಿಯಾಂಗಿಲ್ಲ. ಅದು ಅವರ ಸ್ವಂತದ್ದು, ಯಾರಪ್ಪಂದೂ ಅಲ್ಲ.

ನನಗ ಅಗದೀ ಆಶ್ಚರ್ಯ. ಮನಿ ತುಂಬ ಮಂದಿ ಇಟ್ಕೊಂಡು ಎರಡ ಸೀಟಿಂದ್ಯಾಕ ಅಂತ ಕೇಳಿದೆ. ಸುತ್ತ ಮುತ್ತ ನೋಡಿ ಸಣ್ಣ ದನ್ಯಾಗ ಹೇಳಿದ್ರು. "ಹಿಂದಿನ ಸೀಟ ಇಲ್ಲ ನೋಡು ತಂಗಿ. ಆಕೀನ ಹಿಂದ ಹೆಂಗ ಕಳಸ್ತಾರ ಈಗ?" ಹೇಳುವಾಗ ಮಾರಿ ಮ್ಯಾಲ ಸಾಲಿ ಹುಡುಗನ ನಗಿ. ಕಾಕೂನ ಬಾಜೂಕ ಕೂಡಿಸ್ಕೊಂಡು ಅಮ್ಮಿನಬಾವಿ ತನಕಾ ಹೋಗಬೇಕು, ಆಕಿ ತವರಮನಿ ಮುಂದ ಇಳಸಬೇಕು, ಇಷ್ಟ ಅವರ ಆಸೆ. ಅದಕ್ಕಾಗಿ ಮನಷ್ಯಾ ಆ ಗಾಡಿ ತಗೊಂಡಿದ್ರು. ಹಿಂದಿನ ಸೀಟ ಇಲ್ಲಂದ್ರ ಮುಂದ ಕೂಡಸ್ತಾರ ಅಂತ ಅವರ ಲೆಕ್ಕಾಚಾರ. ಹಿಂದಿನ ಸೀಟ ಇಲ್ಲಂದ್ರ ಮನ್ಯಾಗ ಬಿಟ್ಟು ಹೋಗ್ತಾರ ಅನ್ನೂದು ಆ ಭೋಳೆ ಮನಷ್ಯಾನ ತಲಿಗೆ ಬರಲೇ ಇಲ್ಲ.

ಗಾಡಿ ಮನಿಗೆ ಬಂತು. ನಿಂಬಿಹಣ್ಣು, ತೆಂಗಿನಕಾಯಿ, ಕುಂಕಮಾ ಎಲ್ಲಾ ಆತು. ಕಾಕೂ ಆರತಿ ಮಾಡಿದ್ರು. ತಾಟು ಕೆಳಗ ಇಡೂದರೊಳಗ ಅಣ್ಣ ಬಂದು ಎಡಗಡೆ ಬಾಗಲಾ ತಗದು ಕೂತ ಬಿಟ್ರು. "ನಡಿ, ಮಠಕ್ಕ ಹೋಗಿ ಬರೂಣು" ಅಂದ್ರು. ಮನಿ ಹಿರ್ಯಾ, ಹೊಸಾ ಗಾಡಿ, ಮೊದಲ್ನೇ ಸುತ್ತು. ಬ್ಯಾಡ ಅನ್ನಾವ್ರು ಯಾರು? ಕಾಕಾ ಒಮ್ಮೆ ಕಾಕೂನ ಕಡೆ ನೋಡಿದ್ರು. ಕಾಕೂ ಸೆರಗು ಸರಿ ಮಾಡ್ಕೊಂಡು ಒಳಗ ಹೋದ್ರು.

ನಮ್ಮ ಕಡೆ ಮಂದಿ ಹೊಸಾ ಗಾಡಿ ಸೀಟಿನ ಪ್ಲಾಸ್ಟಿಕ್ ಲಗೂ ತಗಿಯಾಂಗಿಲ್ಲ. ವರ್ಷಗಟ್ಟಲೆ ಹಂಗ ಬಿಡಾವ್ರೂ ಅದಾರ. ಕಾಕಾ ಮಾತ್ರ ತಮ್ಮ ಕಡೆ ಸೀಟಿಂದು ಅವತ್ತ ಸಂಜಿಕ ಹರದು ಒಗದ್ರು. ಎಡಗಡೆ ಸೀಟಿಂದು ಮುಟ್ಟಲಿಲ್ಲ. ಅದ್ಯಾಕ ಅಂದೆ. "ಅಣ್ಣ ಕುಂತಿದ್ದು ಪ್ಲಾಸ್ಟಿಕ್ ಮ್ಯಾಲ. ಸೀಟಿನ ಮ್ಯಾಲ ಮೊದಲ ಕೂಡಾಕಿ ನಿಮ್ಮ ಕಾಕೂ. ಆಕಿ ಬಂದಿಂದ ಆಕಿ ಕೈಲೇ ಹರಸ್ತೇನಿ" ಅಂದ್ರು. ನಾ ನಕ್ಕೆ. ಆದ್ರ ಹುಟ್ಟಿದ್ದ ಲಾಗಾಯ್ತು ಆ ಹೆಣ್ಣಮಗಳಿಗೆ ಮೊದಲ್ನೇದು ಅಂತ ಯಾವುದೂ ಸಿಕ್ಕಿರಲಿಲ್ಲ.

ಮುಂದ ಅಣ್ಣಂದು ದಿನಾ ಅದ ಧಂದೆ ಆತು. ಅಂಗಡಿಗೆ ಹೋಗೂದೂ ಇದರಾಗ, ಬರೂದೂ ಇದರಾಗ. ಬೈಯೂದು ಬ್ಯಾರೆ. "ಇದೇನ ಗಾಡಿನೋ ಚಟ್ಟೋ? ಮಲಗಿಸ್ಕೊಂಡು ಒಯ್ದಂಗ ಆಕ್ಕೈತಿ" ಅಂತಿದ್ರು. ಇಳೀಬೇಕಾದ್ರ ಮ್ವಾಣಕಾಲು ಹಿಡದು, ಬಾಗಲಾ ಹಿಡದು, ಕಾಕಾನ ಹೆಗಲು ಹಿಡದು ಏಳ್ತಿದ್ರು. ಅಷ್ಟು ತ್ರಾಸ ಆದ್ರೂ ಸೀಟು ಮಾತ್ರ ಬಿಡಲಿಲ್ಲ. ದೊಡ್ಡ ಗಾಡಿ ಮನಿ ಮುಂದ ಖಾಲಿ ನಿಂತಿರ್ತಿತ್ತು. "ನೀವರೆ ಒಮ್ಮೆ ಬಾಯಿ ಬಿಟ್ಟು ಹೇಳ್ರಲಾ ಕಾಕಾ" ಅಂತ ನಾ ಗಂಟು ಬಿದ್ದೆ. "ಅಣ್ಣನ ಇಳಿಸಿ ಹೆಂಡ್ತೀನ ಕೂಡಿಸ್ಕೊ ಅಂತೀಯೇನು? ಮಂದಿ ಏನಂದಾರು?" ಅಂದ್ರು. ಮಂದಿ! ಆ ಮಂದಿ ಯಾರು ಅಂತ ನಾ ಇನ್ನೂ ಹುಡಕಾಕತ್ತೇನಿ.

ಕಡೀಕೊಮ್ಮೆ ಒಂದು ಐತವಾರ ಕೂಡಿ ಬಂತು. ಅಣ್ಣ ಮದುವಿಗಂತ ಗದಗಕ್ಕ ಹೋಗಿದ್ರು, ಬಾಡಗಿ ಡ್ರೈವರನ ಹಿಡದು, ಮನಿ ಮಂದಿನೆಲ್ಲಾ ದೊಡ್ಡ ಗಾಡ್ಯಾಗ ಹಾಕ್ಕೊಂಡು. ಕಾಕೂ ತಲಿನೋವು ಅಂತ ಹೇಳಿ ಉಳದಿದ್ರು, ಆಕೀನ ನೋಡ್ಕೊಳ್ಳಾಕಂತ ಕಾಕಾ. ತಲಿನೋವೂ ಇಲ್ಲ, ಏನೂ ಇಲ್ಲ. ಮುಂಜಾನೆ ನಾ ಅವರ ಮನಿಗೆ ಹೋದಾಗ ಇಳಕಲ್ ಸೀರಿ ಉಟ್ಟು, ತಲಿಯಾಗ ಮಲ್ಲಿಗಿ ಮುಡದು, ಅವ್ವಗ ಅಂತ ಬೆಲ್ಲದ ಮಾದಲಿ ಡಬ್ಬಿ ಕಟ್ಟಾಕತ್ತಿದ್ರು. ನನ್ನ ನೋಡಿ ನಾಚಿದ್ರು. ಅಷ್ಟರಾಗ ಡಾಕ್ಟರನ ಫೋನು. ಗಾಡಿ ಬಂದು ಇಷ್ಟ ದಿನ ಆತು, ಗುಂಪಿಗೆ ತೋರಸೂದಿಲ್ಲೇನ್ರಿ, ಎಲ್ಲಾರೂ ಕಾಯಾಕತ್ತಾರ, ಬರೇ ಅರ್ಧಾ ತಾಸು ಅಂತ. ಕಾಕಾಗ ಯಾರಿಗೂ ಇಲ್ಲ ಅನ್ನೂದು ಗೊತ್ತಿರಲಿಲ್ಲ. "ಹೋಗಿ ಹಿಂಗ ಬಂದೆ" ಅಂತ ಕಾಕೂಗ ಹೇಳಿ ಹೊಂಟ್ರು. ನಾ ನನ್ನ ಗಾಡಿ ತಗೊಂಡು ಹಿಂದ ಹೋದೆ.

ಉಣಕಲ್ ಕೆರಿ ಮುಂದ ಜಾತ್ರಿ ಕೂಡಿತ್ತು. ಕಾಕಾ ಇಳಿಯೂದ ತಡಾ, ಕೀಲಿಕೈ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋತು. ಧಾರವಾಡ ಕಡೆ ಒಂದು ಸುತ್ತು ಹೊಡದು ಬರೂದು, ಇಳದು ಅಭಿಪ್ರಾಯ ಹೇಳೂದು, ಡಾಕ್ಟರ್ ವಿಡಿಯೋ ಮಾಡೂದು. ಒಬ್ಬ ಹೇಳಿದ, ಸ್ಟೇರಿಂಗ್ ಬಾಳ ಬಿಗಿ, ಹಿಂಗ ಅಂದ್ರ ಹಂಗ ತಿರಗತೈತಿ, ಏಕದಂ ಮಸ್ತ. ಇನ್ನೊಬ್ಬ, ಗೇರು ಬೆರಳಿನ್ಯಾಗ ಬೀಳ್ತಾವು, ಆದ್ರ ಹಂಪ್ ಬಂದಲ್ಲೆ ಹೊಟ್ಟಿ ಕೆರೀತೈತಿ ಅಂದ. ಕೆರೀದ ಏನ್ ಮಾಡೀತು, ನೀ ಹಂಪ್ ಮ್ಯಾಲ ಹಾರಿಸಿದ್ರ? ಮೂರನೆಯಂವಗ ಡಿಕ್ಕಿ ಸಣ್ಣದಾಗಿತ್ತು, ಒಂದು ಚೀಲ ಜ್ವಾಳಾ ಹಿಡ್ಯಾಂಗಿಲ್ಲಂತ. ಸ್ಪೋರ್ಟ್ಸ್ ಕಾರಿನ್ಯಾಗ ಜ್ವಾಳಾ ಹೇರಾಕ ಹೊಂಟಿದ್ದ ಮಾರಾಯಾ. ಮತ್ತೊಬ್ಬ ಎತ್ತರದ ಆಳು, ಒಳಗ ಹೋಗಾಕ ಮಡಚ್ಕೊಂಡು ಹೋದ, ಬರಾಕ ಇಬ್ಬರು ಕೈ ಹಿಡದು ಎಳದ್ರು. ಹಿಂದಿಂದ ಏನೂ ಕಾಣಾಂಗಿಲ್ಲ, ಆದ್ರ ಸಪ್ಪಳಾ ಕೇಳಿದ್ರ ಮೈ ಜುಂ ಅಂತೈತಿ ಅಂತ ಹೇಳಿದ. ಹೊಸಾ ಇಂಜಿನ್ನು, ಇನ್ನೂ ಪಳಗಿರಲಿಲ್ಲ. ಎಲ್ಲಾರೂ ಅದನ್ನ ಅರಚೂ ಮಟಾ ಒತ್ತಿದ್ರು. ಕಾಕಾ ರಸ್ತಾ ದಂಡೀಗೆ ನಿಂತು, ಪ್ರತಿ ಸಲ ಗಾಡಿ ಹೋಗುವಾಗ ಕೈ ಎತ್ತಿ "ಸಾವಕಾಶ್ರೀ" ಅಂತಿದ್ರು. ಯಾರಿಗೂ ಕೇಳಿಸ್ತಿರಲಿಲ್ಲ.

ಡಾಕ್ಟರನ ಪಾಳಿ ಬಂತು. ಫೋನು ಇನ್ನೊಬ್ಬನ ಕೈಗೆ ಕೊಟ್ಟು, ಎಡಗಡೆ ಬಾಗಲಾ ತಗದು, ಕ್ಯಾಮೆರಾ ನೋಡಿ, "ನಮ್ಮ ಕಾಕಾ ನೋಡ್ರಿ, ಸ್ಪೋರ್ಟ್ಸ್ ಕಾರ್ ತಗೊಂಡಾರ, ಪ್ಲಾಸ್ಟಿಕ್ ಇನ್ನೂ ತಗದಿಲ್ಲ! ಈಗ ನಾವ ಉದ್ಘಾಟನಾ ಮಾಡೂಣು" ಅಂದ. "ಏ, ಬ್ಯಾಡ್ರಿ ಅದು..." ಅಂತ ಕಾಕಾ ಒಂದು ಹೆಜ್ಜಿ ಮುಂದ ಬಂದ್ರು. ಅಂವ ಪರ್ರಂತ ಹರದ. ಹರದು ತಲಿ ಮ್ಯಾಲ ಎತ್ತಿ ತೋರಿಸಿದ. ಎಲ್ಲಾರೂ ಚಪ್ಪಾಳಿ ಬಡದ್ರು. ಆಮ್ಯಾಲ ಆ ಸೀಟಿನ್ಯಾಗ ಧಪ್ಪಂತ ಕೂತು, ಮೆತ್ತಗೈತಿ, ಬೆನ್ನಿಗೆ ಛಲೋ ಆಸರಾ ಕೊಡತೈತಿ ಅಂತ ತನ್ನ ಅಭಿಪ್ರಾಯ ಹೇಳಿದ.

ನಾ ಸುಮ್ಮನಿರಲಿಲ್ಲ. "ಏನ್ರೀ, ನಿಮ್ಮಪ್ಪನ ಮನಿ ಗಾಡಿ ಏನಿದು? ಕೇಳಬೇಕಂತ ಗೊತ್ತಾಗಂಗಿಲ್ಲ?" ಅಂತ ಬಾಯಿ ಮಾಡಿದೆ. ಅಂವ, "ಮೇಡಂ, ಪ್ಲಾಸ್ಟಿಕ್ಕಿಗೆ ಇಷ್ಟ ಯಾಕ ಸಿಟ್ಟು?" ಅಂತ ನಕ್ಕ. ಖರೇ ಅಂದ್ರ ಅವಗ ಗೊತ್ತಿರಲಿಲ್ಲ, ಒಪ್ತೇನಿ. ಆದ್ರ ಒಬ್ಬ ಮನಷ್ಯಾ ಬ್ಯಾಡಂದ್ರ ಬ್ಯಾಡ, ಕಾರಣಾ ಯಾಕ ಬೇಕು? ಕಾಕಾ ಆ ಹರಕ ಕವರ್ ಎತ್ಕೊಂಡು ಮಡಚಾಕತ್ತಿದ್ರು. ಮಾರಿ ಮ್ಯಾಲ ನಗೀನ ಇತ್ತು. ಆ ನಗಿ ನನಗ ಇವತ್ತಿಗೂ ಸಹನಾಗಂಗಿಲ್ಲ.

ಉಳದವರೂ ಆ ಸೀಟಿನ್ಯಾಗ ಒಬ್ಬೊಬ್ರ ಕೂತು ಎದ್ದು, ಅರ್ಧಾ ತಾಸು ಅಂದಿದ್ದು ಮಧ್ಯಾಹ್ನ ಆತು. ಮನಿಗೆ ಬಂದಾಗ ಕಾಕೂ ಬಾಗಲ್ದಾಗ ನಿಂತಿದ್ರು, ಚಪ್ಪಲಿ ಮೆಟಗೊಂಡು, ಡಬ್ಬಿ ಕೈಯಾಗ ಹಿಡಕೊಂಡು. "ಇವತ್ತ ಬ್ಯಾಡ" ಅಂದ್ರು ಕಾಕಾ. ಅಷ್ಟ. ಕಾಕೂ ಯಾಕ ಅಂತ ಕೇಳಲಿಲ್ಲ. ಕೇಳಿ ರೂಢಿನ ಇರಲಿಲ್ಲ ಅವರಿಗೆ. ಒಳಗ ಹೋಗಿ ಸೀರಿ ಬದಲಿಸಿ ತಾಟು ಹಾಕಿದ್ರು. ಮಾದಲಿ ನನಗೂ ಕೊಟ್ರು. ಅದನ್ನ ತಾಟಿನ್ಯಾಗ ಬಿಟ್ಟು ಎದ್ದೆ.

ಹೊರಗ ಬಂದು ನಾ ಕಾಕಾನ ಮ್ಯಾಲ ಹರಿಹಾಯ್ದೆ. ಹರದಿದ್ದು ಪ್ಲಾಸ್ಟಿಕ್ಕು, ಸೀಟ ಅಲ್ಲ, ಈಗರೆ ಕರ್ಕೊಂಡು ಹೋಗ್ರಿ ಅಂತ. "ಎಲ್ಲಾರೂ ಕುಂತು ಎದ್ದ ಸೀಟು ತಂಗಿ. ಮತ್ತ ಆಕಿಗೆ ಉಳದಿದ್ದನ್ನ ಕೊಡ್ಲೇನು?" ಅಂದ್ರು. ಹೊಸಾ ಸೀಟ್ ಕವರ್ ಹೊಲಿಸಿ ಹಾಕಸ್ತೇನಿ, ಆಮ್ಯಾಲ ಕರ್ಕೊಂಡು ಹೋಗ್ತೇನಿ ಅಂದ್ರು. ಆ ಆಮ್ಯಾಲ ಅನ್ನೂದಕ್ಕ ಬೆಂಕಿ ಹಚ್ಚಲಿ. ಕಾಕೂಗ ಹೊಸಾ ಸೀಟು ಬೇಕಾಗಿರಲಿಲ್ಲ, ಗಂಡನ ಬಾಜೂಕ ಕೂಡೂದು ಬೇಕಾಗಿತ್ತು. ಇದನ್ನ ಅವರಿಗೆ ತಿಳಿಸಿ ಹೇಳಾಕ ಹೋದ್ರ ಅವರು ಕೈಯಾಗಿನ ಬಟ್ಟಿ ತಗೊಂಡು ಗಾಡಿ ಒರಸಾಕ ನಿಂತ್ರು. ಎಷ್ಟು ಛಲೋ ಮನಷ್ಯಾ ಆದ್ರೂ ಅಷ್ಟ ಹುಂಬ.

ಡಾಕ್ಟರನ ವಿಡಿಯೋ ಬಂತು, ಊರೆಲ್ಲಾ ನೋಡಿತು. ಗಾಡಿ ಏನೋ ಛಲೋ ಐತಿ, ಆದ್ರ ನಮ್ಮೂರಿಗೆ ಸರಿ ಹೋಗಾಂಗಿಲ್ಲ ಅಂತ ಅದರಾಗ ತೀರ್ಪು. ಕಾಕಾ ಅದನ್ನ ನನ್ನ ಫೋನಿನ್ಯಾಗ ನೋಡಿದ್ರು. ಎಲ್ಲಾರೂ ಹೊಡ್ಯಾಕತ್ತಾರ, ನಗಾಕತ್ತಾರ. ಕಾಕಾ ಮಾತ್ರ ರಸ್ತಾ ದಂಡೀಗೆ ಕೈ ಎತ್ತಿ ನಿಂತಾರ, ಗಾಡಿ ಹೋದಂಗ ಸಣ್ಣಾಗಾಕತ್ತಾರ. "ನಾ ಇದರಾಗ ಎಲ್ಲೂ ಗಾಡ್ಯಾಗ ಇಲ್ಲ ನೋಡು" ಅಂದು ಫೋನು ವಾಪಸ್ ಕೊಟ್ರು. ಆಮ್ಯಾಲ ಐತವಾರದ ಗುಂಪಿಗೆ ಬರೂದು ಬಿಟ್ರು. ಅಣ್ಣ ಮಾತ್ರ ದಿನಾ ಅದರಾಗ ಅಂಗಡಿಗೆ ಹೋಗೂದು ಬಿಡಲಿಲ್ಲ.

ಶ್ರಾವಣದಾಗ ಒಂದಿನ, ಕಾಕಾ ಗಿರಾಕಿಗೆ ಪರಾತ ತಗದು ಕೊಡುವಾಗ ನಿಂತಲ್ಲೇ ಕುಸದ್ರು. ದವಾಖಾನಿ ಮುಟ್ಟೂದರೊಳಗ ಹೋಗಿ ಬಿಟ್ಟಿದ್ರು. ಸೀಟ್ ಕವರ್ ಹೊಲಿಯಾಂವ ಅಳತಿ ತಗೊಂಡು ಹೋಗಿದ್ದ, ಬಟ್ಟಿ ಇನ್ನೂ ಬಂದಿರಲಿಲ್ಲಂತ...

ದಿನಕರ್ಮ ಎಲ್ಲಾ ಮುಗದ ಮ್ಯಾಲ ಗುಂಪಿನವರು ಶ್ರದ್ಧಾಂಜಲಿ ಅಂತ ಒಂದು ರ್‍ಯಾಲಿ ಮಾಡಿದ್ರು. ಎಲ್ಲಾರ ಗಾಡಿನೂ ಕಾಕಾನ ಮನಿ ಮುಂದ ಬಂದು ನಿಂತ್ವು, ಎಲ್ಲಾರ ಮುಂದ ಆ ಹಸರು ಗಾಡಿ. ಅದನ್ನ ಹೊಡ್ಯಾಂವ ಯಾರು? ಡಾಕ್ಟರ್. ಅಣ್ಣ ಕೀಲಿಕೈ ಕೊಟ್ಟು ಕಳಿಸಿದ್ರಂತ. ಎಡಗಡೆ ಸೀಟಿನ್ಯಾಗ ಕಾಕಾನ ಫೋಟೋ ಇಟ್ಟು, ಮಾಲಿ ಹಾಕಿ, ಬೀಳಬಾರದಂತ ಬೆಲ್ಟ್ ಬಿಗದಿದ್ರು. ಮಂದಿ ಕಣ್ಣೊರಸ್ಕೊಂಡ್ರು. ಎಷ್ಟು ಪ್ರೀತಿ ನೋಡ್ರಿ ಅಂತ ಮಾತಾಡ್ಕೊಂಡ್ರು.

ಕಾಕೂ ಬಾಗಲ ಚೌಕಟ್ಟು ಹಿಡಕೊಂಡು ನಿಂತಿದ್ರು, ಬರೇ ಹಣಿ, ಬರೇ ಕೈ. ಬಾಳ ಹೊತ್ತು ಗಾಡಿ ನೋಡಿದ್ರು. ಆಮ್ಯಾಲ ನನ್ನ ಕಿವಿ ಹಂತ್ಯಾಕ ಬಂದು ಕೇಳಿದ್ರು. "ಅವರಿಗೆ ಗಾಡಿ ಹೊಡ್ಯಾಕ ಬರ್ತಿತ್ತಲ್ಲವಾ? ಬಾಜೂಕ ಯಾಕ ಕೂಡ್ಸ್ಯಾರ?"

ನಾ ಸೀದಾ ಹೋಗಿ, ಬಾಗಲಾ ತಗದು, ಬೆಲ್ಟ್ ಬಿಚ್ಚಿ, ಫೋಟೋ ಎತ್ಕೊಂಡು ಬಂದೆ. ಭಾವನಾ, ಗೌರವಾ ಅಂತ ಡಾಕ್ಟರ್ ಹಿಂದ ಏನೇನೋ ಅನ್ನಾಕತ್ತಿದ್ದ. ಅವನ ಮಾರಿ ಸೈತ ನೋಡಲಿಲ್ಲ. ನೋಡಿದ್ರ ಅವತ್ತ ಒಂದೆರಡು ಹಲ್ಲು ಅವಂದ ಬೀಳ್ತಿದ್ವು. ಫೋಟೋ ಕಾಕೂನ ಕೈಯಾಗ ಕೊಟ್ಟೆ. ರ್‍ಯಾಲಿ ಕಾಕಾ ಇಲ್ಲದ ಹೋತು.

ಗಾಡಿನ ಬೆಳಗಾವಿಯವರು ಯಾರೋ ತಗೊಂಡು ಹೋದ್ರು. ಗುಂಪು ಈಗೂ ಉಣಕಲ್ ಕೆರಿ ಮುಂದ ಸೇರತೈತಿ, ನಾ ಹೋಗಾಂಗಿಲ್ಲ. ಹೊಸಾ ಹೊಸಾ ಗಾಡಿ ಬರ್ತಾವು, ಹೊಸಾ ಹೊಸಾ ಅಭಿಪ್ರಾಯ ಬರ್ತಾವು. ಯಾರರೆ ನನಗ ಕಳಿಸಿದ್ರ ನೋಡದ ಅಳಿಸ್ತೇನಿ. ನನಗ ಕಾಕಾನ ಮ್ಯಾಲಿನ ಸಿಟ್ಟೂ ಹೋಗಿಲ್ಲ, ಅವರಿಲ್ಲ ಅನ್ನೂ ಸಂಕಟಾನೂ ಹೋಗಿಲ್ಲ. ಎರಡನ್ನೂ ಯಾರ ಮುಂದ ಹೇಳ್ಲಿ?

ಗ್ಯಾರೇಜಿನಿಂದ ಬಂದ ಮರದಿನ ಕಾಕೂನ ಮನಿಗೆ ಹೋಗಿ, ನಡ್ರಿ, ಅಮ್ಮಿನಬಾವಿಗೆ ಕರ್ಕೊಂಡು ಹೋಗ್ತೇನಿ ಅಂದೆ. ಈಗ ಅವರಿಗೆ ಹೋಗಬ್ಯಾಡ ಅನ್ನಾವ್ರು ಯಾರೂ ಇಲ್ಲ. ಬರ್ತಾರೋ ಬಿಡ್ತಾರೋ ಕೇಳಾವ್ರೂ ಇಲ್ಲ. ನಾ ಮುಂದಿನ ಬಾಗಲಾ ತಗದು ಹಿಡದೆ. ಅವರು ಹಿಂದಿನ ಬಾಗಲಾ ತಗದು ಕೂತ್ರು.

"ಮುಂದ ಬರ್ರಿ ಕಾಕೂ" ಅಂದೆ.

"ಬ್ಯಾಡವಾ" ಅಂದ್ರು. "ಬಾಜೂಕ ಕುಂತ್ರ ಅವರು ಹೊಡ್ಯಾಕತ್ತಾರ ಅನಸ್ತೈತಿ. ತಿರುಗಿ ನೋಡಿದ್ರ ನೀ ಇರ್ತಿ."